ದಿನಾ ಓಡಿಸುವ ಕಾರಿಗೆ ಕಾಯಿಲೋವರ್: ಮೈಕೈ ನೋಯದ ಹಾಗೆ ಆರಿಸುವುದು, ಹಾಕಿಸುವುದು, ಹದ ಮಾಡುವುದು

ಸ್ಪ್ರಿಂಗ್, ಶಾಕ್ ಅಬ್ಸರ್ಬರ್ ಎರಡನ್ನೂ ಸೇರಿಸಿ, ಕಾರಿನ ಎತ್ತರ ಬದಲಿಸಲು ಬರುವ ಹಾಗೆ ಮಾಡಿದ ಸಸ್ಪೆನ್ಷನ್ ಕಿಟ್‌ಗೆ ಕಾಯಿಲೋವರ್ ಅನ್ನುತ್ತಾರೆ. ಅದನ್ನು ಹಾಕಿಸಿದರೆ ಕಾರು ಗಟ್ಟಿಯಾಗುತ್ತದೆ, ಆಮೇಲೆ ಮನೆಯವರು ಹಿಂದಿನ ಸೀಟಿನಲ್ಲಿ ಕೂರುವುದೇ ಇಲ್ಲ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಅರ್ಧ ನಿಜ. ಸಿಕ್ಕಿದ ಕಿಟ್ ತಂದು, ಆಗುವಷ್ಟು ಕೆಳಗಿಳಿಸಿ, ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಖಂಡಿತ ಹಾಗೇ ಆಗುತ್ತದೆ. ನೋಡಿ ಆರಿಸಿದರೆ ಅದೇ ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ, ಹೈವೇಯಲ್ಲಿ ತೇಲಾಡುವುದಿಲ್ಲ, ಗುಂಡಿಗೂ ಅಂಜುವುದಿಲ್ಲ.

ಆರಾಮ ಬರೀ ಮೆತ್ತನೆಯ ಸ್ಪ್ರಿಂಗ್‌ನಿಂದ ಬರುವುದಿಲ್ಲ. ಚಕ್ರಕ್ಕೆ ಮೇಲೆ ಕೆಳಗೆ ಓಡಾಡಲು ಎಷ್ಟು ಜಾಗ ಉಳಿದಿದೆ, ಆ ಓಡಾಟವನ್ನು ಶಾಕ್ ಅಬ್ಸರ್ಬರ್ ಎಷ್ಟು ಚೆನ್ನಾಗಿ ಹಿಡಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಈ ಓಡಾಟದ ಜಾಗಕ್ಕೆ ಟ್ರಾವೆಲ್ ಅನ್ನುತ್ತಾರೆ. ಕೆಳಗಿನ ಪ್ರತಿ ಹಂತದಲ್ಲೂ ನಾವು ಕಾಪಾಡುವುದು ಅದನ್ನೇ.

ಉದಾಹರಣೆಗೆ ಫೋಕ್ಸ್‌ವ್ಯಾಗನ್ ಪೋಲೋ ಪೆಟ್ರೋಲ್ ಕಾರನ್ನು ಇಟ್ಟುಕೊಳ್ಳೋಣ. ಕರ್ನಾಟಕದ ರಸ್ತೆಗಳಲ್ಲಿ ಈ ಕಾರು ಇನ್ನೂ ಬೇಕಾದಷ್ಟು ಓಡುತ್ತಿದೆ, ಸಸ್ಪೆನ್ಷನ್ ಬದಲಿಸುವವರೂ ಜಾಸ್ತಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಬಲ್ಲ ಅಡ್ಡತೊಲೆ). ಹೆಚ್ಚಿನ ಹ್ಯಾಚ್‌ಬ್ಯಾಕ್, ಸೆಡಾನ್‌ಗಳ ಜೋಡಣೆ ಇದೇ, ಹಾಗಾಗಿ ಲೆಕ್ಕದ ದಾರಿ ನಿಮ್ಮ ಕಾರಿಗೂ ಹೊಂದುತ್ತದೆ.

ಹಂತ 1: ಕಾಯಿಲೋವರ್ ಬೇಕೇ ಬೇಕಾ?

ನಿಮಗೆ ಎತ್ತರ ಬದಲಿಸುವ ಆಸೆ ಇಲ್ಲ, ಕಾರು ಕುಲುಕುವುದು ನಿಂತರೆ ಸಾಕು ಅನ್ನುವುದಾದರೆ ಕಾಯಿಲೋವರ್‌ಗೆ ದುಡ್ಡು ಹಾಕಬೇಡಿ. ಕಂಪನಿ ಸ್ಪ್ರಿಂಗ್ ಹಾಗೇ ಇಟ್ಟು ಒಳ್ಳೆ ಶಾಕ್ ಹಾಕಿಸಿ. ಬಿಲ್‌ಸ್ಟೈನ್ ಬ್ರ್ಯಾಂಡಿನ ಬಿ4, ಕಾರಿನ ಜೊತೆ ಬಂದ ಶಾಕ್‌ಗೆ ಬದಲಿ, ಬಿ6 ಅದೇ ಎತ್ತರಕ್ಕೆ ಸ್ವಲ್ಪ ಬಿಗಿ. ಕೋನಿಯ ಸ್ಪೆಷಲ್ ಆಕ್ಟಿವ್ ಸಣ್ಣ, ವೇಗದ ಕುಲುಕಾಟಕ್ಕೂ ದೊಡ್ಡ ವಾಲಾಟಕ್ಕೂ ಬೇರೆ ಬೇರೆ ಥರ ಪ್ರತಿಕ್ರಿಯಿಸುವ ಹಾಗೆ ಮಾಡಿದ ಶಾಕ್. ಆರಾಮವೊಂದೇ ಗುರಿಯಾದರೆ ಹತ್ತರಲ್ಲಿ ಆರು ಜನಕ್ಕೆ ಇದೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಕಾರನ್ನು ಮೇಲೆತ್ತಿ ನೋಡಿ. ಕಂಟ್ರೋಲ್ ಆರ್ಮ್ ಬುಷ್ (ಚಕ್ರವನ್ನು ಹಿಡಿದ ತೋಳಿನ ರಬ್ಬರ್) ಬಿರುಕು ಬಿಟ್ಟಿದೆಯಾ? ಶಾಕ್‌ನ ಮೇಲ್ತುದಿಯನ್ನು ಕಾರಿನ ಮೈಗೆ ಜೋಡಿಸುವ ಟಾಪ್ ಮೌಂಟ್ ರಬ್ಬರ್ ಕುಸಿದಿದೆಯಾ? ಶಾಕ್ ಮೈಮೇಲೆ ಎಣ್ಣೆ ಒಸರಿದೆಯಾ? ಇವು ಹೋಗಿದ್ದರೆ ಎಷ್ಟು ದುಬಾರಿ ಕಿಟ್ ಹಾಕಿದರೂ ಕಟಕಟ ನಿಲ್ಲುವುದಿಲ್ಲ.

ಟೈರ್ ಕೂಡ ನೋಡಿ. ಪೋಲೋಗೆ ಕಂಪನಿ ಕೊಟ್ಟ 185/60 ಆರ್15 ಟೈರಿನ ಪಕ್ಕದ ಗೋಡೆ 111 ಮಿಮೀ ಎತ್ತರ. ಚಂದಕ್ಕೆ ಅಂತ 205/40 ಆರ್17 ಹಾಕಿದರೆ ಅದು 82 ಮಿಮೀಗೆ ಇಳಿಯುತ್ತದೆ. ಸುಮಾರು 29 ಮಿಮೀ ಗಾಳಿ ತುಂಬಿದ ರಬ್ಬರ್ ಹೋಯಿತು. ಗುಂಡಿಯ ಚೂಪು ಅಂಚು ತಾಗಿದಾಗ ಮೊದಲ ಏಟು ತಿನ್ನುವುದು ಅದೇ ರಬ್ಬರ್. 17 ಇಂಚಿನ ವೀಲ್ ಇಟ್ಟುಕೊಂಡು ಆರಾಮದ ಕಾಯಿಲೋವರ್ ಹುಡುಕುವವರು ಮೊದಲು 15 ಇಂಚಿಗೆ ಮರಳಿ ಒಂದು ವಾರ ಓಡಿಸಿ ನೋಡಿ.

ಹಂತ 2: ಕಾನೂನು, ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಬದಲಾವಣೆಗೆ ತಲಾ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಅಂತ ಸೇರಿದೆ. ಆದ್ದರಿಂದ ಕಿಟ್ ಆರ್ಡರ್ ಮಾಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ವಿಮಾ ಕಂಪನಿಗೆ ಇಮೇಲ್ ಬರೆದು ಉತ್ತರವನ್ನು ಉಳಿಸಿಕೊಳ್ಳಿ. ತಿಳಿಸದೆ ಹಾಕಿಸಿದ್ದು ಕ್ಲೇಮ್ ಸಮಯದಲ್ಲಿ ಹೊರಬಂದರೆ ದೊಡ್ಡ ನಷ್ಟ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ದಾರಿ ಸ್ವಲ್ಪ ಸಲೀಸು: ಟ್ಯೂವ್ (ಅಲ್ಲಿನ ತಾಂತ್ರಿಕ ತಪಾಸಣೆ ಸಂಸ್ಥೆ) ಪ್ರಮಾಣಪತ್ರ ಇರುವ ಕಿಟ್ ತಂದು, ಹಾಕಿಸಿದ ಮೇಲೆ ತಪಾಸಣೆ ಮಾಡಿಸಿದರೆ ಆಯಿತು.

ಹಂತ 3: ಎತ್ತರವನ್ನು ಮೊದಲೇ ನಿರ್ಧರಿಸಿ

ಬಹಳ ಜನ ಕಿಟ್ ತಂದು ಹಾಕಿಸಿ, ಆಮೇಲೆ ಚಂದ ಕಾಣುವ ತನಕ ಇಳಿಸುತ್ತಾರೆ. ಆರಾಮ ಬೇಕಾದವರು ಉಲ್ಟಾ ಮಾಡಬೇಕು. ಮೊದಲು ಎತ್ತರ, ಆಮೇಲೆ ಆ ಎತ್ತರಕ್ಕೆಂದೇ ಮಾಡಿದ ಕಿಟ್.

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ. ವೀಲಿನ ನಡುಭಾಗದಿಂದ ನೇರ ಮೇಲಕ್ಕೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆದು ಬರೆದಿಡಿ. ಟೈರ್ ಗಾಳಿ ಕಡಿಮೆ ಇದ್ದರೂ ಈ ಅಳತೆ ಬದಲಾಗುವುದಿಲ್ಲ, ಅದಕ್ಕೇ ನೆಲದಿಂದ ಅಳೆಯುವುದಕ್ಕಿಂತ ಇದು ಒಳ್ಳೆಯದು. ನಂತರ ಮನೆಯವರನ್ನೆಲ್ಲ ಕೂರಿಸಿ, ಊರಿಗೆ ಹೋಗುವಾಗಿನಷ್ಟು ಲಗೇಜ್ ಹಾಕಿ ಇನ್ನೊಮ್ಮೆ ಅಳೆಯಿರಿ. ಈ ಎರಡನೇ ಅಳತೆಯೇ ನಿಮ್ಮ ನಿಜವಾದ ಎತ್ತರ.

ಈಗ ಹಂಪ್ ವಿಚಾರ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂಮೀ ಎತ್ತರ ಇರಬೇಕು ಅಂತಿತ್ತು, ಅದರ ಬಾಗು 17 ಮೀಟರ್ ತ್ರಿಜ್ಯದ ವೃತ್ತದ್ದು. ಪೋಲೋದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 2.47 ಮೀಟರ್ ಇದೆ. ಅಂಥ ಹಂಪಿನ ನಡುವೆ ಕಾರು ನಿಂತಾಗ ಅದು ಹೊಟ್ಟೆಯ ಕೆಳಗೆ ತಿನ್ನುವುದು ಸುಮಾರು 45 ಮಿಮೀ ಮಾತ್ರ. ಆ ಅಳತೆಗೆ ಮಾಡಿದ ಹಂಪನ್ನು ಇಳಿಸಿದ ಕಾರು ಕೂಡ ಆರಾಮಾಗಿ ದಾಟುತ್ತದೆ. ತೊಂದರೆ ಕೊಡುವುದು ಬಡಾವಣೆಯ ಗಲ್ಲಿಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಕಿರಿದಾದ, ಚೂಪು ಹಂಪ್. ಚಕ್ರಗಳು ಅದರ ಎರಡೂ ಕಡೆ ಸಮ ನೆಲದ ಮೇಲಿರುತ್ತವೆ, ಹಾಗಾಗಿ ಹಂಪಿನ ಪೂರ್ತಿ ಎತ್ತರ ಹೊಟ್ಟೆಗೆ ಬರುತ್ತದೆ. ನಿಮ್ಮ ಮನೆಯಿಂದ ಆಫೀಸಿನ ದಾರಿಯಲ್ಲಿರುವ ಅತಿ ಕೆಟ್ಟ ಹಂಪನ್ನು ಅಳೆಯಿರಿ. ಸಂಕೋಚ ಬೇಡ, ಇಳಿದು ಟೇಪ್ ಹಿಡಿಯಿರಿ.

ಪೋಲೋಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 165 ಮಿಮೀ. ನಮ್ಮ ರಸ್ತೆಗೆ ದಿನಾ ಓಡಿಸುವ ಕಾರಾದರೆ 15ರಿಂದ 25 ಮಿಮೀ ಇಳಿಸುವುದು ನನ್ನ ಮಿತಿ. ಇಳಿಸದೇ ಇದ್ದರೂ ತಪ್ಪಿಲ್ಲ.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಭಾರತಕ್ಕೆಂದು ಮಾಡಿದ ಕಾರು ಯುರೋಪಿನ ಅದೇ ಕಾರಿಗಿಂತ ಎತ್ತರಕ್ಕೆ ನಿಂತಿರುತ್ತದೆ. ಜರ್ಮನ್ ಕಿಟ್‌ನ ಪಟ್ಟಿಯಲ್ಲಿ 30ರಿಂದ 60 ಮಿಮೀ ಇಳಿಕೆ ಅಂತ ಇದ್ದರೆ ಅದು ಅಲ್ಲಿನ ಕಾರಿನ ಲೆಕ್ಕ. ನಮ್ಮ ಕಾರಿಗೆ ಹಾಕಿದಾಗ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಕಿಟ್ಟನ್ನು ಪೂರ್ತಿ ಮೇಲೆತ್ತಿದರೂ ನಿಮಗೆ ಬೇಕಾದ ಎತ್ತರ ಸಿಗದೇ ಹೋಗಬಹುದು. ಮಾರುವವರನ್ನು ಎಷ್ಟು ಇಳಿಸಬಹುದು ಅಂತ ಕೇಳಬೇಡಿ. ಅತಿ ಎತ್ತರದ ಸೆಟ್ಟಿಂಗ್‌ನಲ್ಲಿ ಫೆಂಡರ್ ಅಳತೆ ಎಷ್ಟು ಬರುತ್ತದೆ ಅಂತ ಕೇಳಿ.

ಹಂತ 4: ಸ್ಪ್ರಿಂಗ್ ಲೆಕ್ಕ

ಕಿಟ್‌ನ ಪಟ್ಟಿಯಲ್ಲಿ ಸ್ಪ್ರಿಂಗ್ ರೇಟ್ ಕೊಟ್ಟಿರುತ್ತಾರೆ. 4 ಕೆಜಿ ಅಂದರೆ ಆ ಸ್ಪ್ರಿಂಗ್ ಒಂದು ಮಿಮೀ ಕುಗ್ಗಲು 4 ಕೆಜಿ ಭಾರ ಬೇಕು. ಅಮೆರಿಕದ ಕಂಪನಿಗಳು ಇಂಚಿಗೆ ಇಷ್ಟು ಪೌಂಡ್ ಅಂತ ಬರೆಯುತ್ತವೆ, ಅದನ್ನು 56ರಿಂದ ಭಾಗಿಸಿ. ನ್ಯೂಟನ್‌ನಲ್ಲಿದ್ದರೆ 9.8ರಿಂದ ಭಾಗಿಸಿ.

ಆದರೆ ಬರೀ ಈ ಸಂಖ್ಯೆಯಿಂದ ಆರಾಮ ಗೊತ್ತಾಗುವುದಿಲ್ಲ. ಒಂದೂವರೆ ಟನ್ ಕಾರಿಗೆ ಮೆತ್ತಗಿರುವ ಸ್ಪ್ರಿಂಗ್ ಸಣ್ಣ ಕಾರಿಗೆ ಕಲ್ಲು. ನೋಡಬೇಕಾದ್ದು ಆ ಮೂಲೆಯ ಭಾರ ಆ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದನ್ನು. ಸಾಮಾನ್ಯ ಫ್ಯಾಮಿಲಿ ಕಾರು 1ರಿಂದ 1.5 ಹರ್ಟ್ಸ್ ನಡುವೆ ಇರುತ್ತದೆ. ಬಿಗಿಯಾದ ರಸ್ತೆ ಕಾರು 1.5ರಿಂದ 2. ಅದರ ಮೇಲೆ ಹೋದರೆ ಟ್ರ್ಯಾಕ್ ಕಾರಿನ ಲೋಕ.

ಲೆಕ್ಕ ಸುಲಭ. ಚಕ್ರದ ಹತ್ತಿರ ಸಿಗುವ ರೇಟನ್ನು ಆ ಮೂಲೆಯ ಸ್ಪ್ರಿಂಗ್ ಹೊರುವ ಭಾರದಿಂದ ಭಾಗಿಸಿ, ವರ್ಗಮೂಲ ತೆಗೆದು, 15.76ರಿಂದ ಗುಣಿಸಿ. ರೇಟ್ ಮಿಮೀಗೆ ಕೆಜಿಯಲ್ಲಿ, ಭಾರ ಕೆಜಿಯಲ್ಲಿ ಇರಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್ ಸ್ವಲ್ಪ ಒಳಕ್ಕೆ ವಾಲಿಕೊಂಡಿರುತ್ತದೆ, ಹಾಗಾಗಿ ಸ್ಪ್ರಿಂಗ್ ರೇಟಿನ ಸುಮಾರು 90 ಶೇಕಡಾ ಚಕ್ರಕ್ಕೆ ಸಿಗುತ್ತದೆ ಅಂತ ಇಟ್ಟುಕೊಳ್ಳಿ.

ಪೋಲೋ ಸುಮಾರು 1,100 ಕೆಜಿ. ಎಂಜಿನ್ ಮುಂದಿರುವುದರಿಂದ ಭಾರದ ಹೆಚ್ಚಿನ ಪಾಲು ಮುಂದೆ. ಚಕ್ರ, ಬ್ರೇಕ್ ಇತ್ಯಾದಿ ಕಳೆದು, ಓಡಿಸುವವರನ್ನು ಸೇರಿಸಿದರೆ ಮುಂದಿನ ಒಂದು ಮೂಲೆಯಲ್ಲಿ ಸುಮಾರು 330 ಕೆಜಿ. 4 ಕೆಜಿ ಸ್ಪ್ರಿಂಗ್ ಹಾಕಿದರೆ ಚಕ್ರಕ್ಕೆ ಸಿಗುವುದು 3.6. ಭಾಗಿಸಿ, ಮೂಲ ತೆಗೆದು, ಗುಣಿಸಿದರೆ 1.65 ಹರ್ಟ್ಸ್. ಬಿಗಿ ಇದೆ, ಆದರೆ ದಿನಾ ಬಾಳಬಹುದು. 6 ಕೆಜಿ ಹಾಕಿದರೆ 2 ಹರ್ಟ್ಸ್. 8 ಕೆಜಿಗೆ 2.3. ಅದು ಮಲ್ಲೇಶ್ವರದ ಅಡ್ಡರಸ್ತೆಗಳಿಗೆ ಬೇಡ. 1.5ಕ್ಕೆ ಬರಬೇಕಾದರೆ 3.3 ಕೆಜಿ ಸುತ್ತಮುತ್ತ ಸಾಕು. ಹಾಗಾಗಿ ಈ ತೂಕದ ಕಾರಿಗೆ ಮುಂದೆ 3.3ರಿಂದ 4 ಕೆಜಿ ನಡುವಿನ ಸ್ಪ್ರಿಂಗ್ ಇರುವ ಕಿಟ್ ಹುಡುಕಿ. ನಿಮ್ಮ ಕಾರಿನ ಮೂಲೆ ಭಾರ ಬೇಕಾದರೆ ವೇಬ್ರಿಡ್ಜ್‌ನಲ್ಲಿ ಮುಂದಿನ ಚಕ್ರ ಮಾತ್ರ ಏರಿಸಿ ತೂಕ ಹಾಕಿಸಿ, ಎರಡರಿಂದ ಭಾಗಿಸಿ, ಚಕ್ರ ಬ್ರೇಕಿಗೆ ಅಂತ 35 ಕೆಜಿ ಕಳೆಯಿರಿ.

ಹಿಂದಿನ ಸ್ಪ್ರಿಂಗ್ ಸಂಖ್ಯೆಯನ್ನು ಮುಂದಿನದರ ಜೊತೆ ನೇರ ಹೋಲಿಸಬೇಡಿ. ಟಾರ್ಷನ್ ಬೀಮ್ ಕಾರಿನಲ್ಲಿ ಹಿಂದಿನ ಸ್ಪ್ರಿಂಗ್ ಶಾಕ್‌ನಿಂದ ಬೇರೆಯಾಗಿ, ಚಕ್ರಕ್ಕಿಂತ ಮುಂದಕ್ಕೆ ಕೂತಿರುತ್ತದೆ. ಅದೇ ಪರಿಣಾಮಕ್ಕೆ ಅಲ್ಲಿ ಜಾಸ್ತಿ ರೇಟ್ ಬೇಕಾಗುತ್ತದೆ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲಿ ಅನ್ನುವ ಎಂಜಿನಿಯರ್ ತೋರಿಸಿಕೊಟ್ಟ ಒಂದು ಮಾತು ಇವತ್ತಿಗೂ ನಿಂತಿದೆ: ಹಿಂದಿನ ಸಸ್ಪೆನ್ಷನ್ ಮುಂದಿನದಕ್ಕಿಂತ ತುಸು ಬೇಗ ಕುಣಿಯಬೇಕು. ಹಿಂದಿನ ಚಕ್ರ ಅದೇ ಉಬ್ಬನ್ನು ಕ್ಷಣ ತಡವಾಗಿ ಹತ್ತುತ್ತದೆ. ಅದು ಬೇಗ ಕುಣಿದು ಮುಂದಿನದರ ಜೊತೆಗೂಡಿದರೆ ಕಾರು ತೊನೆಯುವ ಬದಲು ಸಮವಾಗಿ ಏರಿ ಇಳಿಯುತ್ತದೆ. 10ರಿಂದ 20 ಶೇಕಡಾ ಜಾಸ್ತಿ ಇದ್ದರೆ ಸಾಕು. ಹ್ಯಾಚ್‌ಬ್ಯಾಕ್‌ನ ಹಿಂಭಾಗ ಖಾಲಿ ಇದ್ದಾಗ ಹಗುರ, ಮೂವರು ಕೂತರೆ ಭಾರ. ಬಹುತೇಕ ಒಬ್ಬರೇ ಓಡಾಡುವವರು ಹಿಂದೆ ಗಟ್ಟಿ ಸ್ಪ್ರಿಂಗ್ ಇರುವ ಕಿಟ್ ತೆಗೆದುಕೊಂಡರೆ ಖಾಲಿ ಕಾರಿನ ಹಿಂಭಾಗ ಎತ್ತಿ ಎತ್ತಿ ಹಾಕುತ್ತದೆ.

ಹಂತ 5: ಟ್ರಾವೆಲ್ ಎಷ್ಟು ಉಳಿಯುತ್ತದೆ?

ಇದನ್ನು ಕೇಳುವವರೇ ಕಡಿಮೆ. ನನ್ನ ಪ್ರಕಾರ ಸ್ಪ್ರಿಂಗ್ ರೇಟಿಗಿಂತ ಇದು ದೊಡ್ಡದು.

ಚಕ್ರ ಮೇಲಕ್ಕೆ ಹೋಗುವ ಜಾಗ ಹಂಪಿಗೆ ಬೇಕು. ಕೆಳಕ್ಕೆ ಇಳಿಯುವ ಜಾಗ ಗುಂಡಿಗೆ ಬೇಕು. ಎರಡೂ ಬೇಕು.

ಕೆಳಕ್ಕೆ ಇಳಿಯುವುದನ್ನು ಲೆಕ್ಕ ಹಾಕಿ ನೋಡಿ. 330 ಕೆಜಿ ಭಾರ ಚಕ್ರದ ಹತ್ತಿರ 3 ಕೆಜಿ ರೇಟ್ ಇರುವ ಸ್ಪ್ರಿಂಗನ್ನು 110 ಮಿಮೀ ಕುಗ್ಗಿಸುತ್ತದೆ. ಗುಂಡಿ ಬಂದಾಗ ಆ 110 ಮಿಮೀ ಬಿಚ್ಚಿಕೊಳ್ಳುತ್ತಾ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ, ಕಾರಿನ ಮೈ ಮೇಲೇ ಉಳಿಯುತ್ತದೆ. 6 ಕೆಜಿ ಸ್ಪ್ರಿಂಗ್ ಆದರೆ ಕುಗ್ಗಿರುವುದೇ 61 ಮಿಮೀ. 8 ಕೆಜಿಗೆ 46. ಅಷ್ಟು ಬಿಚ್ಚಿದ ಮೇಲೆ ಸ್ಪ್ರಿಂಗ್‌ನಲ್ಲಿ ಒತ್ತಲು ಏನೂ ಉಳಿದಿಲ್ಲ. ಆಗ ಕಾರಿನ ಮೂಲೆಯೇ ಗುಂಡಿಗೆ ಬಿದ್ದು, ಆಚೆ ಅಂಚಿಗೆ ಬಡಿಯುತ್ತದೆ. ಗಟ್ಟಿ ಕಿಟ್ ಹಾಕಿದವರು ಗುಂಡಿಯಲ್ಲಿ ಧಡ್ ಅನ್ನುತ್ತದೆ ಅನ್ನುವುದಕ್ಕೆ ಇದೇ ಕಾರಣ.

ಮೇಲಕ್ಕೆ ಹೋಗುವ ಕಡೆ ಬಂಪ್ ಸ್ಟಾಪ್ ಇರುತ್ತದೆ. ಶಾಕ್ ರಾಡಿನ ಮೇಲೆ ಕೂರುವ ಪಾಲಿಯುರೆಥೇನ್ ಫೋಮ್ ತುಂಡು ಅದು. ಕಾರನ್ನು ಇಳಿಸಿದಷ್ಟೂ ಅದು ಹತ್ತಿರವಾಗುತ್ತದೆ. ತುಂಬಾ ಇಳಿಸಿದ ಕಾರು ನಿಂತಲ್ಲೇ ಅದರ ಮೇಲೆ ಕೂತಿರುತ್ತದೆ. ಆಗ ಸ್ಪ್ರಿಂಗ್ ಎಷ್ಟು ಮೆತ್ತಗಿದ್ದರೇನು, ನಿಮ್ಮ ಬೆನ್ನಿಗೆ ತಾಗುವುದು ಆ ಫೋಮ್ ತುಂಡು. ಈ ಸಂಕಟದ ಪರಿಹಾರಕ್ಕೆ ಅಂತ ಟೈನ್ ಕಂಪನಿ ತನ್ನ ಫ್ಲೆಕ್ಸ್ ಎ ಕಿಟ್‌ನಲ್ಲಿ ಫೋಮ್ ಬದಲು ಎಣ್ಣೆಯಿಂದ ಕೆಲಸ ಮಾಡುವ ಬಂಪ್ ಸ್ಟಾಪ್ ಇಟ್ಟಿದೆ. ಟ್ರಾವೆಲ್‌ನ ಕೊನೆಗೆ ಬಂದಾಗ ಬಡಿಯದೆ ನಿಧಾನಕ್ಕೆ ತಡೆಯುತ್ತದೆ.

ಎತ್ತರ ಬದಲಿಸುವ ವಿಧಾನವೂ ಇಲ್ಲಿಗೇ ಸೇರಿದ್ದು. ಕೆಲವು ಕಿಟ್‌ಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನು ಮಾತ್ರ ಥ್ರೆಡ್ ಮೇಲೆ ತಿರುಗಿಸಬೇಕು. ಅಲ್ಲಿ ಇಳಿಸಿದಷ್ಟೂ ಶಾಕ್ ಒಳಕ್ಕೆ ಕೂತು ಮೇಲಿನ ಟ್ರಾವೆಲ್ ಕಡಿಮೆಯಾಗುತ್ತದೆ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವೇರಿಯಂಟ್‌ಗಳು ಈ ಬಗೆ. ಬಿ.ಸಿ. ರೇಸಿಂಗ್ ಬಿಆರ್, ಟೈನ್ ಫ್ಲೆಕ್ಸ್ ಝಡ್ ಇಂಥವುಗಳಲ್ಲಿ ಸ್ಟ್ರಟ್‌ನ ಕೆಳಗಿನ ಬ್ರಾಕೆಟ್ ಬೇರೆಯಾಗಿ ತಿರುಗುತ್ತದೆ. ಎತ್ತರ ಬದಲಿಸಿದರೂ ಶಾಕ್‌ನ ಓಡಾಟ ಹಾಗೇ ಉಳಿಯುತ್ತದೆ. ಕೇಳಲು ಎರಡನೆಯದೇ ಮೇಲು ಅನಿಸುತ್ತದೆ, ಅಲ್ವಾ? ಆದರೆ ಶಾಕ್‌ನಲ್ಲಿ ಜಾಗ ಇದ್ದರೂ ಫೆಂಡರ್ ಒಳಗೆ ಟೈರಿಗೆ ಜಾಗ ಇರಬೇಕಲ್ಲ. 20 ಮಿಮೀ ಮಾತ್ರ ಇಳಿಸುವವರಿಗೆ ಮೊದಲ ಬಗೆಯಿಂದ ಏನೂ ನಷ್ಟವಿಲ್ಲ.

ತಟ್ಟೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸಾದಾ ಸ್ಪ್ರಿಂಗ್‌ನ ರೇಟ್ ಬದಲಾಗುವುದಿಲ್ಲ. ಬದಲಾಗುವುದು ಎತ್ತರ, ಮತ್ತು ಮೇಲೆ ಕೆಳಗೆ ಟ್ರಾವೆಲ್ ಎಷ್ಟೆಷ್ಟು ಹಂಚಿಹೋಗುತ್ತದೆ ಅನ್ನುವುದು.

ಹಂತ 6: ಶಾಕ್ ಯಾವ ಬಗೆಯದು?

ಮೊನೋಟ್ಯೂಬ್ ಶಾಕ್‌ನಲ್ಲಿ ಒಂದೇ ಕೊಳವೆ. ಎಣ್ಣೆ ಒಂದು ಕಡೆ, ಜಾಸ್ತಿ ಒತ್ತಡದ ಗ್ಯಾಸ್ ಇನ್ನೊಂದು ಕಡೆ, ನಡುವೆ ತೇಲುವ ಪಿಸ್ಟನ್. ಬಿಸಿ ಬೇಗ ಹೊರಹೋಗುತ್ತದೆ, ಶಿರಾಡಿ ಘಾಟಿಯಂಥ ಉದ್ದ ತಿರುವು ದಾರಿಯಲ್ಲಿ ಸುಸ್ತಾಗುವುದಿಲ್ಲ. ಟ್ವಿನ್‌ಟ್ಯೂಬ್‌ನಲ್ಲಿ ಕೊಳವೆಯೊಳಗೆ ಕೊಳವೆ. ಗ್ಯಾಸ್ ಒತ್ತಡ ಕಡಿಮೆ, ಸೀಲಿನ ಘರ್ಷಣೆಯೂ ಕಡಿಮೆ. ಡಾಂಬರಿನ ಸಣ್ಣ ತರಿತರಿಯನ್ನು ಅದು ಸಾಮಾನ್ಯವಾಗಿ ಇನ್ನೂ ನಯವಾಗಿ ನುಂಗುತ್ತದೆ. ಇನ್ನೊಂದು ಲಾಭ ಇದೆ. ಟ್ವಿನ್‌ಟ್ಯೂಬ್‌ನ ಹೊರಮೈ ಕಲ್ಲೇಟಿಗೆ ಸ್ವಲ್ಪ ತಗ್ಗಾದರೂ ಒಳಗಿನ ಪಿಸ್ಟನ್ ಓಡುತ್ತದೆ. ಮೊನೋಟ್ಯೂಬ್‌ನಲ್ಲಿ ಪಿಸ್ಟನ್ ಉಜ್ಜುವುದೇ ಆ ಹೊರಗೋಡೆಗೆ, ಹಾಗಾಗಿ ಒಂದು ತಗ್ಗು ಬಿದ್ದರೆ ಶಾಕ್ ಹೋಯಿತು. ಜಲ್ಲಿ ರಸ್ತೆಯಲ್ಲಿ ತೋಟಕ್ಕೆ ಹೋಗಿಬರುವವರು ಇದನ್ನು ಯೋಚಿಸಿ.

ಶಾಕ್‌ನ ಬಿಗಿ ಬದಲಿಸುವ ತಿರುಗುಬಟನ್‌ನಲ್ಲಿ ಎಷ್ಟು ಕ್ಲಿಕ್ (ಹಂತ) ಇದೆ ಅನ್ನುವುದು ಗುಣಮಟ್ಟದ ಅಳತೆಯಲ್ಲ. 30 ಕ್ಲಿಕ್ ಇರುವ ಕಿಟ್ 10 ಕ್ಲಿಕ್‌ನದಕ್ಕಿಂತ ಆರಾಮ ಅಂತ ಏನಿಲ್ಲ. ಕ್ಲಿಕ್ಕೇ ಇಲ್ಲದ ಬಿ14 ಬಹಳ ಕಿಟ್‌ಗಳಿಗಿಂತ ಚೆನ್ನಾಗಿ ಕೂತಿರುತ್ತದೆ, ಯಾಕೆಂದರೆ ಸ್ಪ್ರಿಂಗಿಗೆ ತಕ್ಕ ಹಾಗೆ ಶಾಕನ್ನು ಫ್ಯಾಕ್ಟರಿಯಲ್ಲೇ ಹೊಂದಿಸಿರುತ್ತಾರೆ. ತಿರುಗುಬಟನ್ ಏನನ್ನು ಬದಲಿಸುತ್ತದೆ ಅಂತ ಕೇಳಿ. ಕೆಡಬ್ಲ್ಯೂ ವೇರಿಯಂಟ್ 1ರಲ್ಲಿ ಏನೂ ಬದಲಿಸಲಾಗದು, 2ರಲ್ಲಿ ಶಾಕ್ ಬಿಚ್ಚಿಕೊಳ್ಳುವ ವೇಗ ಮಾತ್ರ, 3ರಲ್ಲಿ ಕುಗ್ಗುವುದನ್ನೂ ಬಿಚ್ಚಿಕೊಳ್ಳುವುದನ್ನೂ ಬೇರೆ ಬೇರೆ ಬದಲಿಸಬಹುದು. ಬಿಲ್‌ಸ್ಟೈನ್ ಬಿ16ರಲ್ಲಿ ಒಂದೇ ಬಟನ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ, 10 ಹಂತ.

ಹಂತ 7: ಟಾಪ್ ಮೌಂಟ್

ದಿನಾ ಓಡಿಸುವ ಕಾರಿಗೆ ರಬ್ಬರ್ ಟಾಪ್ ಮೌಂಟ್ ಇರಲಿ. ಪಿಲ್ಲೋಬಾಲ್ ಅಂತ ಬರುವ ಲೋಹದ ಗುಂಡಿನ ಮೌಂಟ್ ಸ್ಟೀರಿಂಗಿಗೆ ಚುರುಕು ಕೊಡುತ್ತದೆ, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಬದಲಿಸಲೂ ಬಿಡುತ್ತದೆ. ಆದರೆ ರಸ್ತೆಯ ಪ್ರತಿ ಸದ್ದನ್ನೂ ಕ್ಯಾಬಿನ್ನಿಗೆ ತರುತ್ತದೆ, ಮಳೆ ಧೂಳಿಗೆ ಬೇಗ ಸವೆದು ಟಕಟಕ ಅನ್ನುತ್ತದೆ. ಕಂಪನಿ ಮೌಂಟ್ ಬಳಸುವ ಕಿಟ್ ಆದರೆ ಹಳೆಯದನ್ನೇ ಹಾಕಬೇಡಿ, ಬೇರಿಂಗ್ ಸಮೇತ ಹೊಸದು ತನ್ನಿ.

ಹಂತ 8: ನಿಮ್ಮ ಕಾರಿಗೆ ಹೊಂದುತ್ತದಾ?

ಮಾಡೆಲ್ ಹೆಸರು ಒಂದೇ ಇದ್ದ ಮಾತ್ರಕ್ಕೆ ಕಿಟ್ ಒಂದೇ ಆಗುವುದಿಲ್ಲ. ಸ್ಕೋಡಾ ಆಕ್ಟೇವಿಯಾ, ಗಾಲ್ಫ್ ಕುಟುಂಬದ ಕಾರುಗಳಲ್ಲಿ ಮುಂದಿನ ಸ್ಟ್ರಟ್ ಕೂರುವ ಜಾಗದ ವ್ಯಾಸ ಕೆಲವಕ್ಕೆ 50 ಮಿಮೀ, ಕೆಲವಕ್ಕೆ 55. ಆಕ್ಟೇವಿಯಾದಲ್ಲೇ ಎಂಜಿನ್ ಪ್ರಕಾರ ಹಿಂದೆ ಟಾರ್ಷನ್ ಬೀಮ್ ಇರಬಹುದು, ಮಲ್ಟಿಲಿಂಕ್ (ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳುಗಳ ಜೋಡಣೆ) ಇರಬಹುದು. ಕಾರಿನ ಕೆಳಗೆ ಬಗ್ಗಿ ನೋಡಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು, ಚಾಸಿಸ್ ನಂಬರ್ ಕೊಟ್ಟು ಆರ್ಡರ್ ಮಾಡಿ.

ಹಂತ 9: ಯಾವ ಕಿಟ್?

ನನ್ನ ಒಲವು ಹೇಳಿಬಿಡುತ್ತೇನೆ. ನಿಮ್ಮ ಕಾರಿಗೆ ಕೆಡಬ್ಲ್ಯೂ ಸ್ಟ್ರೀಟ್ ಕಂಫರ್ಟ್ ಬರುವುದಾದರೆ ಮೊದಲು ಅದನ್ನು ನೋಡಿ. ಜಾಸ್ತಿ ಇಳಿಸುವುದಿಲ್ಲ, ಆರಾಮಕ್ಕೆಂದೇ ಮಾಡಿದ್ದು, ಸ್ಟೇನ್‌ಲೆಸ್ ಸ್ಟೀಲ್ ಮೈ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ಈ ಸ್ಟೇನ್‌ಲೆಸ್ ಮೈ ದೊಡ್ಡ ವರ. ಹಾಕಿ ಮರೆತುಬಿಡಬೇಕು ಅನ್ನುವವರಿಗೆ ಬಿಲ್‌ಸ್ಟೈನ್ ಬಿ14. ಬಜೆಟ್ ಕಡಿಮೆ ಇದ್ದರೆ ಟೈನ್: ಜಪಾನಿನ ಯೊಕೊಹಾಮಾದ ಕಂಪನಿ, ಫ್ಲೆಕ್ಸ್ ಝಡ್ ಟ್ವಿನ್‌ಟ್ಯೂಬ್, 16 ಹಂತ. ಅದು ಸೀಲ್ ಮಾಡಿದ ಶಾಕ್, ಬಿಚ್ಚಿ ರಿಪೇರಿ ಮಾಡುವ ಬದಲು ಹೊಸದು ಹಾಕಬೇಕು.

ದುಡ್ಡಿಗೆ ಯೋಚನೆ ಇಲ್ಲದವರಿಗೆ ಸ್ವೀಡನ್ನಿನ ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್. ಅದರ ಡಿಎಫ್‌ವಿ (ಡ್ಯುಯಲ್ ಫ್ಲೋ) ವಾಲ್ವ್, ಶಾಕ್ ಬಿಚ್ಚಿಕೊಳ್ಳುವಾಗಲೂ ಎಣ್ಣೆಗೆ ಇನ್ನೊಂದು ದಾರಿ ತೆರೆಯುತ್ತದೆ. ಗುಂಡಿಯಲ್ಲಿ ಚಕ್ರ ಬೇಗ ನೆಲ ಮುಟ್ಟುತ್ತದೆ. ತೈವಾನಿನ ಬಿ.ಸಿ. ರೇಸಿಂಗ್ ಬಿಆರ್ ಒಳ್ಳೆ ಕಿಟ್ಟೇ, ಆದರೆ ಬಹಳ ಕಾರುಗಳಿಗೆ ಸ್ಪ್ರಿಂಗ್ ಗಟ್ಟಿ ಬರುತ್ತದೆ, ಪಿಲ್ಲೋಬಾಲ್ ಮೌಂಟ್ ಇರುತ್ತದೆ. ಅದನ್ನೇ ತರುವುದಾದರೆ ಆರ್ಡರ್ ಮಾಡುವಾಗ ಮೆತ್ತನೆಯ ಸ್ಪ್ರಿಂಗ್ ಕೇಳಿ. ಹೆಸರು ಗೊತ್ತಿಲ್ಲದ, ಸ್ಪ್ರಿಂಗ್ ರೇಟ್ ಹೇಳಲಾಗದ ಕಿಟ್ ಎಷ್ಟು ಅಗ್ಗವಾದರೂ ಬೇಡ.

ಹಂತ 10: ಹಾಕಿಸುವಾಗ ನಿಂತು ನೋಡಿ

ಶಾಕ್ ರಾಡಿನ ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಿಡಿಯಲು ಬಿಡಬೇಡಿ. ರಾಡ್ ಗಿರಗಿರ ತಿರುಗಿ ಒಳಗಿನ ಸೀಲ್, ವಾಲ್ವ್ ಹಾಳಾಗಬಹುದು. ಅಲೆನ್ ಕೀಯಿಂದ ರಾಡ್ ಹಿಡಿದು ಕೈಯಲ್ಲೇ ಬಿಗಿ ಮಾಡಬೇಕು. ಕಂಪನಿ ಒಮ್ಮೆ ಮಾತ್ರ ಬಳಸಿ ಅಂದ ಬೋಲ್ಟುಗಳಿಗೆ ಹೊಸದೇ ಹಾಕಿಸಿ.

ಇನ್ನೊಂದು ಕೆಲಸ ಬಹಳ ಗ್ಯಾರೇಜುಗಳಲ್ಲಿ ತಪ್ಪುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರು ಮೇಲೆ ನೇತಾಡುವಾಗ ಪೂರ್ತಿ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಅದುವರೆಗೂ ಕಾರು ಗಟ್ಟಿ ಅನಿಸುತ್ತದೆ. ಚಕ್ರದ ಕೆಳಗೆ ಜಾಕ್ ಕೊಟ್ಟು ಓಡಿಸುವ ಎತ್ತರಕ್ಕೆ ತಂದು ಆಮೇಲೆ ಟಾರ್ಕ್ ಕೊಡಿಸಿ.

ನೀವು ಬರೆದಿಟ್ಟ ಫೆಂಡರ್ ಅಳತೆ ತೆಗೆದು ಎಡಬಲ ಎತ್ತರ ಸರಿ ಮಾಡಿಸಿ. ಒಂದು ವಾರ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಮತ್ತೆ ಅಳೆದು, ಆಮೇಲೆ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ ಎರಡೂ ಬದಲಾಗುತ್ತವೆ. ಹೆಡ್‌ಲೈಟ್ ಕಿರಣದ ಎತ್ತರವನ್ನೂ ಸರಿಮಾಡಿಸಿ.

ಹಂತ 11: ಹದ ಮಾಡುವುದು

ಶಾಕ್ ರಾಡ್ ಹೊರಗೆ ಕಾಣುವ ಕಿಟ್ ಆದರೆ, ಹಾಕಿಸುವಾಗಲೇ ಡಸ್ಟ್ ಕವರ್ ಸ್ವಲ್ಪ ಮೇಲೆತ್ತಿ ರಾಡಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ. ಉಜ್ಜಿದರೆ ಜಾರುವಷ್ಟು ಸಡಿಲ, ತಾನಾಗಿ ಬೀಳದಷ್ಟು ಬಿಗಿ. ಅದನ್ನು ಶಾಕ್ ಮೈಗೆ ತಾಗುವ ಹಾಗೆ ಕೆಳಕ್ಕೆ ಒತ್ತಿಡಿ. ಮಾಮೂಲಿ ದಾರಿಯಲ್ಲಿ ಓಡಿಸಿ ಬನ್ನಿ. ಶಾಕ್ ಕುಗ್ಗಿದಾಗೆಲ್ಲ ಟೈ ರಾಡಿನ ಮೇಲೆ ಜಾರುತ್ತದೆ, ಅತಿ ಜಾಸ್ತಿ ಕುಗ್ಗಿದ ಜಾಗದಲ್ಲಿ ನಿಲ್ಲುತ್ತದೆ. ಟೈ ಬಂಪ್ ಸ್ಟಾಪ್ ಒಳಗೆ ಹೂತುಹೋಗಿದ್ದರೆ ಬರೀ ಮಾಮೂಲಿ ದಾರಿಗೇ ನಿಮ್ಮ ಟ್ರಾವೆಲ್ ಮುಗಿದಿದೆ. ಕಾರನ್ನು 5 ಮಿಮೀ ಎತ್ತಿಸಿ ಮತ್ತೆ ನೋಡಿ. ಬಂಪ್ ಸ್ಟಾಪನ್ನು ಸುಮ್ನೆ ಮುಟ್ಟಿ ಬಂದಿದ್ದರೆ ಎತ್ತರ ಸರಿಯಾಗಿದೆ. ಬಿ14ರ ಹಾಗೆ ತಲೆಕೆಳಗಾಗಿ ಕೂರುವ ಸ್ಟ್ರಟ್‌ನಲ್ಲಿ ರಾಡ್ ಒಳಗಿರುವುದರಿಂದ ಈ ಉಪಾಯ ನಡೆಯುವುದಿಲ್ಲ.

ಕ್ಲಿಕ್ ಇರುವ ಕಿಟ್ ಆದರೆ ಬಟನ್ನನ್ನು ಗಟ್ಟಿ ಕಡೆಗೆ ಮೆಲ್ಲಗೆ ತಿರುಗಿಸಿ, ನಿಂತ ಜಾಗವನ್ನು ಸೊನ್ನೆ ಅಂತ ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ನಡುವಿನ ಕ್ಲಿಕ್‌ನಿಂದ ಶುರು ಮಾಡಿ. ಒಂದೇ ದಾರಿ ಹಿಡಿದು, ಒಂದು ಸಲಕ್ಕೆ ಒಂದೇ ಬದಲಾವಣೆ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆಯ ಜಾಯಿಂಟುಗಳು ಒಳ್ಳೆ ಪರೀಕ್ಷೆ. ಅಲ್ಲಿ ಏಟುಗಳು ಒಂದೇ ಥರ, ಒಂದರ ಹಿಂದೆ ಒಂದು ಬರುತ್ತವೆ.

ಹಂಪ್ ಇಳಿದ ಮೇಲೆ ಕಾರು ಎರಡು ಮೂರು ಸಲ ತೂಗಿದರೆ ರಿಬೌಂಡ್ (ಶಾಕ್ ಬಿಚ್ಚಿಕೊಳ್ಳುವಾಗಿನ ತಡೆ) ಸಡಿಲವಾಗಿದೆ, ಎರಡು ಕ್ಲಿಕ್ ಗಟ್ಟಿ ಮಾಡಿ. ಸಾಲು ಸಾಲು ಉಬ್ಬಿನಲ್ಲಿ ಮೊದಲನೆಯದು ಮೆತ್ತಗೆ, ನಾಲ್ಕನೆಯದು ಗಟ್ಟಿ ಅನಿಸಿದರೆ ರಿಬೌಂಡ್ ಜಾಸ್ತಿಯಾಗಿದೆ. ಶಾಕ್ ಬಿಚ್ಚಿಕೊಳ್ಳುವಷ್ಟರಲ್ಲಿ ಮುಂದಿನ ಉಬ್ಬು ಬಂದು, ಕಾರು ಹಂತ ಹಂತವಾಗಿ ಕೆಳಗೆ ಕುಸಿಯುತ್ತಿದೆ. ಹೀಗಾದಾಗ ಬಹಳ ಜನ ಇನ್ನೂ ಗಟ್ಟಿ ಮಾಡುತ್ತಾರೆ. ಮಾಡಬೇಕಾದ್ದು ಸಡಿಲ. ಒಂದೇ ಚೂಪು ಏಟು ಮಾತ್ರ ಕಿರಿಕಿರಿ ಕೊಟ್ಟರೆ ಮೊದಲು ಟೈರ್ ಗಾಳಿ ನೋಡಿ, ಆಮೇಲೆ ಕಂಪ್ರೆಷನ್ (ಶಾಕ್ ಕುಗ್ಗುವಾಗಿನ ತಡೆ) ಸಡಿಲ ಮಾಡಿ.

ನೀವು ಓಡಿಸುವಾಗ ಸರಿ ಅನಿಸಿದ ಮೇಲೆ ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತು ಅದೇ ದಾರಿಯಲ್ಲಿ ಹೋಗಿ ಬನ್ನಿ. ಮನೆಯವರು ಕೂರುವ ಜಾಗ ಅದೇ. ಹಿಂದಿನ ಕ್ಲಿಕ್ ಅಲ್ಲಿ ಕೂತು ನಿರ್ಧರಿಸಿ.

ಹಂತ 12: ಆಮೇಲಿನ ಕೆಲಸ

ಮಳೆಗಾಲ ಮುಗಿದ ಮೇಲೆ ಚಕ್ರ ಬಿಚ್ಚಿ, ಥ್ರೆಡ್‌ಗೆ ಮೆತ್ತಿದ ಕೆಸರನ್ನು ಮೆತ್ತನೆ ಬ್ರಷ್‌ನಿಂದ ತೊಳೆದು, ಕಂಪನಿ ಹೇಳಿದ ಗ್ರೀಸ್ ಅಥವಾ ಸ್ಪ್ರೇ ಹಚ್ಚಿ. ಲಾಕ್ ರಿಂಗ್ ಕಚ್ಚಿಕೊಂಡುಬಿಟ್ಟರೆ ಆಮೇಲೆ ಎತ್ತರ ಬದಲಿಸಲಾಗದು. ಡಸ್ಟ್ ಕವರ್ ಹರಿದಿದ್ದರೆ ತಕ್ಷಣ ಬದಲಿಸಿ, ರಾಡ್ ಮೇಲೆ ಕೂತ ಮರಳು ಸೀಲನ್ನು ತಿನ್ನುತ್ತದೆ. ಸ್ಟೀರಿಂಗ್ ತಿರುಗಿಸುವಾಗ ಟಂಯ್ ಅಂತ ಸ್ಪ್ರಿಂಗ್ ಹಾರಿದ ಸದ್ದು ಬಂದರೆ ಟಾಪ್ ಮೌಂಟ್ ಬೇರಿಂಗ್ ನೋಡಿಸಿ.

ಬಿಚ್ಚಿದ ಕಂಪನಿ ಸಸ್ಪೆನ್ಷನ್ನನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಶಾಕನ್ನು ನಿಲ್ಲಿಸಿಟ್ಟು, ಬಟ್ಟೆ ಸುತ್ತಿ ಒಣ ಜಾಗದಲ್ಲಿ ಇಡಿ. ಕಾರು ಮಾರುವಾಗ, ಕಾಯಿಲೋವರ್ ಸರ್ವಿಸಿಗೆ ಕಳಿಸಿದಾಗ, ಇಲ್ಲವೇ ಆರ್‌ಟಿಒದಲ್ಲಿ ಮೂಲ ಸ್ಥಿತಿಗೆ ತನ್ನಿ ಅಂದಾಗ ಅದೇ ಬೇಕಾಗುತ್ತದೆ.